ಮೊದಲು ರೊಟ್ಟಿ, ಆಮೇಲೆ ಮಾತು: ಸಭಾಪಾಲಕರ ಆಪ್ತಸಮಾಲೋಚನೆಗೆ ಬೈಬಲ್‌ನಲ್ಲಿ ಏನು ಆಧಾರ?

ಆ ವಾರ ನನ್ನ ಫೋನಿಗೆ ಬಂದ ಬೈಬಲ್ ವಚನಗಳನ್ನು ಎಣಿಸಿದ್ದೆ. ಒಟ್ಟು 17. ಕೆಲವು ಹೂವಿನ ಚಿತ್ರದ ಮೇಲೆ, ಕೆಲವು ಸೂರ್ಯೋದಯದ ಮೇಲೆ, ಒಂದಂತೂ ಪಾರಿವಾಳ ಹಾರುವ ವಿಡಿಯೋ ಜೊತೆಗೆ. ಐದು ತಿಂಗಳ ಗರ್ಭ ಹೋಗಿ, ಆಸ್ಪತ್ರೆಯಿಂದ ಮನೆಗೆ ಬಂದು ಮೂರು ದಿನ ಆಗಿತ್ತು. ವಚನ ಕಳಿಸಿದವರೆಲ್ಲ ನನ್ನವರೇ. ಯಾರದ್ದೂ ಕೆಟ್ಟ ಮನಸ್ಸಲ್ಲ. ಆದರೆ ಫೋನ್ ಸದ್ದು ಮಾಡಿದಾಗಲೆಲ್ಲ ನನಗೆ ಅನ್ನಿಸುತ್ತಿದ್ದದ್ದು ಒಂದೇ: ನಾನು ಬೇಗ ಅಳು ನಿಲ್ಲಿಸಲಿ ಅಂತ ಇವರೆಲ್ಲ ಕಾಯ್ತಾ ಇದ್ದಾರೆ.

ನಾಲ್ಕನೇ ದಿನ ಸಂಜೆ ಬಾಗಿಲು ತಟ್ಟಿದವರು ನಮ್ಮೂರಿನ ಹಳೆಯ ಸಭಾಪಾಲಕರು. ನಿವೃತ್ತರಾದ ಮೇಲೆ ಬೆಂಗಳೂರಿನ ಇನ್ನೊಂದು ತುದಿಯಲ್ಲಿ ಮಗಳ ಮನೆಯಲ್ಲಿದ್ದರು. ಎರಡು ಬಸ್ ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಬೈಬಲ್ ಇರಲಿಲ್ಲ, ಸ್ಟೀಲ್ ಡಬ್ಬಿ ಇತ್ತು.

"ನಿಮ್ಮ ಪಾಸ್ಟರಮ್ಮ ಸಾರು ಮಾಡಿ ಕಳಿಸಿದಾಳೆ. ಊಟ ಮಾಡಿದ್ಯಾ ಮಗಳೇ?"

"ಹಸಿವಿಲ್ಲ ಪಾಸ್ಟರ್."

"ನಿದ್ದೆ?"

"ಇಲ್ಲ."

ಅಷ್ಟೇ. ನನ್ನ ಗಂಡ ಅನ್ನ ಬಿಸಿ ಮಾಡಿದ. ಮೂವರೂ ಕೂತು ಉಂಡೆವು. ಅವರು ಸುಮಾರು ಒಂದು ಗಂಟೆ ಇದ್ದರು, ಹೆಚ್ಚಿಗೆ ಏನೂ ಮಾತಾಡಲಿಲ್ಲ. ಹೊರಡುವಾಗ "ಪ್ರಾರ್ಥನೆ ಮಾಡ್ಲಾ, ಬೇಡ್ವಾ?" ಅಂದರು. "ಇವತ್ತು ಬೇಡ" ಅಂದೆ. ಹಾಗೆ ಹೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸರಿ. ಗುರುವಾರ ಬರ್ತೀನಿ" ಅಂತ ಚಪ್ಪಲಿ ಹಾಕಿಕೊಂಡರು.

ಗುರುವಾರ ಬಂದರು. ಮುಂದಿನ ಗುರುವಾರವೂ ಬಂದರು. ಎಷ್ಟೋ ತಿಂಗಳಾದ ಮೇಲೆ ಅವರನ್ನು ಕೇಳಿದೆ: "ಅವತ್ತು ಬೈಬಲ್ ಯಾಕೆ ತೆಗೀಲಿಲ್ಲ ಪಾಸ್ಟರ್?"

"ತೆಗೆದಿದ್ನಲ್ಲ. ಎಲೀಯನ ಕಥೆ. ನಿನ್ನ ಮುಂದೆ ಓದ್ಲಿಲ್ಲ ಅಷ್ಟೆ."

ಆ ಉತ್ತರದ ಬೆನ್ನು ಹತ್ತಿ ನಾನು ಓದಿದ್ದು, ಅವರಿವರನ್ನು ಕೇಳಿದ್ದು ಈ ಬರಹ. ಚರ್ಚಿನಲ್ಲಿ ನಡೆಯುವ ಆಪ್ತಸಮಾಲೋಚನೆ, ಅಂದರೆ ಪಾಸ್ಟೋರಲ್ ಕೌನ್ಸೆಲಿಂಗ್‌ಗೆ ಬೈಬಲ್‌ನಲ್ಲಿ ನಿಜವಾದ ಆಧಾರ ಏನು? ಪ್ರತಿ ದುಃಖಕ್ಕೂ ಒಂದು ವಚನ ಹುಡುಕಿ ಕೊಡುವುದೇ, ಅಥವಾ ಬೇರೆ ಏನಾದರೂ ಇದೆಯೇ?

ಪಾಲಕ ಅಂದರೆ ಕುರಿ ಕಾಯುವವನು

ಪಾಸ್ಟರ್ ಎಂಬುದು ಲ್ಯಾಟಿನ್ ಪದ. ಅದರ ಅರ್ಥ ಕುರುಬ. ನಮ್ಮ 'ಸಭಾಪಾಲಕ' ಎಂಬ ಮಾತಿನಲ್ಲೂ ಅದೇ ಅರ್ಥ ಉಳಿದಿದೆ. ಗೋಪಾಲ ಹಸು ಕಾಯುವ ಹಾಗೆ ಸಭಾಪಾಲಕ ಸಭೆಯನ್ನು ಕಾಯಬೇಕು. ನಾವು ಮಾತ್ರ ಪಾಸ್ಟರ್ ಅಂದರೆ ಮೈಕ್ ಹಿಡಿದು ಪ್ರಸಂಗ ಮಾಡುವವರು ಅಂತಲೇ ಅಂದುಕೊಂಡಿದ್ದೇವೆ.

ಕುರುಬನ ಕೆಲಸ ಏನು ಎಂಬುದಕ್ಕೆ ಬೈಬಲ್‌ನಲ್ಲಿ ಒಂದು ಕಟುವಾದ ಪಟ್ಟಿಯೇ ಇದೆ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ 34ನೇ ಅಧ್ಯಾಯದಲ್ಲಿ ದೇವರು ಇಸ್ರಾಯೇಲಿನ ನಾಯಕರನ್ನು ಕೆಟ್ಟ ಕುರುಬರೆಂದು ಬೈಯುತ್ತಾನೆ. ಆರೋಪಗಳು ಇವು: ಬಡಕಲಾದದ್ದನ್ನು ಬಲಪಡಿಸಲಿಲ್ಲ, ರೋಗ ಬಂದದ್ದಕ್ಕೆ ಮದ್ದು ಮಾಡಲಿಲ್ಲ, ಮುರಿದದ್ದನ್ನು ಕಟ್ಟಲಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ, ತಮ್ಮ ಹೊಟ್ಟೆ ಮಾತ್ರ ಹೊರೆದುಕೊಂಡರು. ಇದರಲ್ಲಿ ಒಂದೂ ಬೋಧನೆಗೆ ಸಂಬಂಧಿಸಿದ್ದಲ್ಲ, ಎಲ್ಲವೂ ಆರೈಕೆಗೆ ಸಂಬಂಧಿಸಿದ್ದು. ಪಾಸ್ಟೋರಲ್ ಕೌನ್ಸೆಲಿಂಗ್ ಎಂಬ ಹೆಸರು ಬಂದದ್ದು ಇತ್ತೀಚೆಗೆ. ಆದರೆ ಆ ಕೆಲಸ ಮಾಡದಿದ್ದರೆ ಲೆಕ್ಕ ಕೇಳುತ್ತೇನೆ ಎಂಬ ಮಾತು ತುಂಬ ಹಳೆಯದು.

ಸಾಯಬೇಕು ಎಂದವನಿಗೆ ಸಿಕ್ಕಿದ್ದು

ಈಗ ಎಲೀಯನ ಕಥೆ. ಅರಸುಗಳು ಗ್ರಂಥದ ಮೊದಲ ಭಾಗ, 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಕಂಡ ಪ್ರವಾದಿ ಇವನು. ಅದರ ಬೆನ್ನಿಗೇ ರಾಣಿ ಈಜೆಬೆಲಳಿಂದ ಕೊಲೆ ಬೆದರಿಕೆ ಬರುತ್ತದೆ. ಓಡುತ್ತಾನೆ. ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಮರುಭೂಮಿಯೊಳಗೆ ಹೋಗಿ, ಗಿಡವೊಂದರ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಕೇಳಿಕೊಂಡು ಮಲಗಿಬಿಡುತ್ತಾನೆ.

ಇವತ್ತಿನ ಭಾಷೆಯಲ್ಲಿ ಇದನ್ನು ಏನೆನ್ನಬಹುದು ಅಂತ ನಿಮಗೆ ಗೊತ್ತು. ದೊಡ್ಡ ಪ್ರಾಜೆಕ್ಟ್ ಮುಗಿಸಿದ ಮರುವಾರವೇ ಹಾಸಿಗೆಯಿಂದ ಏಳಲಾಗದೆ ಬಿದ್ದ ಸಹೋದ್ಯೋಗಿಯನ್ನು ನಾವೆಲ್ಲ ನೋಡಿದ್ದೇವೆ.

ಎಲೀಯನ ಬಳಿಗೆ ದೂತ ಬರುತ್ತಾನೆ. ಅವನು ಮೊದಲು ಮಾಡುವುದು ಮುಟ್ಟುವುದು. ಆಮೇಲೆ, ಎದ್ದು ಊಟ ಮಾಡು ಅನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಬೈಯುವುದಿಲ್ಲ. ನಿದ್ದೆ ಮಾಡಲು ಬಿಟ್ಟು ಎರಡನೇ ಸಲ ಬರುತ್ತಾನೆ, ಮತ್ತೆ ರೊಟ್ಟಿ, ಮತ್ತೆ ನೀರು. ದಾರಿ ದೂರ ಇದೆ, ನಿನ್ನ ಶಕ್ತಿಗೆ ಮೀರಿದ್ದು ಎಂದು ಒಪ್ಪಿಕೊಳ್ಳುತ್ತಾನೆ.

ನಂಬಿಕೆ ಇಲ್ಲವಾ, ನಿನ್ನೆ ಅಷ್ಟು ದೊಡ್ಡ ಕೆಲಸ ಮಾಡಿದವನಿಗೆ ಇವತ್ತು ಹೀಗೆ ಅನ್ನಿಸಬಾರದು ಎಂಬ ಯಾವ ಮಾತೂ ಇಲ್ಲಿಲ್ಲ. ಅವನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ ದೇವರು ಮಾತಾಡುತ್ತಾನೆ. ಅದೂ ಒಂದು ಪ್ರಶ್ನೆ: ಇಲ್ಲಿ ಏನು ಮಾಡುತ್ತಿದ್ದೀಯ? ಎಲೀಯ ತನ್ನ ಸಂಕಟ ಪೂರ್ತಿ ಹೇಳಿಕೊಳ್ಳುತ್ತಾನೆ. ಗಾಳಿ, ಭೂಕಂಪ, ಬೆಂಕಿ ಎಲ್ಲ ಹಾದುಹೋಗಿ ಕೊನೆಗೆ ಒಂದು ಮೆಲುದನಿ ಕೇಳುತ್ತದೆ. ಆಗ ಮತ್ತೆ ಅದೇ ಪ್ರಶ್ನೆ. ಎಲೀಯನೂ ಅದೇ ಉತ್ತರವನ್ನು ಮತ್ತೊಮ್ಮೆ ಹೇಳುತ್ತಾನೆ. ಆಗಲೇ ಹೇಳಿದೆಯಲ್ಲ ಎಂದು ಯಾರೂ ತಡೆಯುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಅವನಿಗೆ ಮುಂದಿನ ಕೆಲಸ ಸಿಗುತ್ತದೆ, ಜೊತೆಗೆ ಎಲೀಷ ಎಂಬ ಸಂಗಾತಿ ಸಿಗುತ್ತಾನೆ.

ಊಟ, ನಿದ್ದೆ, ಪ್ರಶ್ನೆ, ಕೇಳಿಸಿಕೊಳ್ಳುವುದು, ಆಮೇಲೆ ದಾರಿ. ಪಾಸ್ಟರ್ ಡಬ್ಬಿ ತಂದದ್ದು ಯಾಕೆ ಅಂತ ನನಗೆ ಆಗ ಗೊತ್ತಾಯಿತು.

ಏಳು ದಿನ ಸರಿ ಇದ್ದರು

ಬೈಬಲ್‌ನಲ್ಲಿ ಕೆಟ್ಟ ಆಪ್ತಸಮಾಲೋಚಕರೂ ಇದ್ದಾರೆ. ಅವರಲ್ಲಿ ಪ್ರಸಿದ್ಧರು ಯೋಬನ ಮೂವರು ಗೆಳೆಯರು.

ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳಕೊಂಡು ಬೂದಿಯಲ್ಲಿ ಕೂತ ಯೋಬನನ್ನು ನೋಡಲು ದೂರದೂರಿನಿಂದ ಬರುತ್ತಾರೆ. ಅವನ ಗುರುತೇ ಸಿಗದೆ ಗಟ್ಟಿಯಾಗಿ ಅಳುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ, ಒಂದು ಮಾತೂ ಆಡುವುದಿಲ್ಲ. ಅವನ ನೋವು ಅಷ್ಟು ದೊಡ್ಡದೆಂದು ಅವರಿಗೆ ಕಂಡಿತ್ತು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರು ಇನ್ನಿಲ್ಲ.

ಆಮೇಲೆ ಯೋಬ ಬಾಯಿ ಬಿಟ್ಟು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಗೆಳೆಯರಿಗೆ ತಡೆಯಲಾಗುವುದಿಲ್ಲ. ದೇವರ ಪರವಾಗಿ ವಾದಕ್ಕೆ ಇಳಿಯುತ್ತಾರೆ. ದೇವರು ನ್ಯಾಯವಂತ, ಆದ್ದರಿಂದ ನೀನು ಏನೋ ತಪ್ಪು ಮಾಡಿರಲೇಬೇಕು, ಒಪ್ಪಿಕೊಂಡುಬಿಡು. ಅವರ ಮಾತುಗಳನ್ನು ಬಿಡಿಬಿಡಿಯಾಗಿ ತೆಗೆದರೆ ಎಷ್ಟೋ ಭಕ್ತಿಯಿಂದಲೇ ತುಂಬಿವೆ, ಚಿತ್ರದ ಮೇಲೆ ಬರೆದು ವಾಟ್ಸಾಪ್‌ನಲ್ಲಿ ಕಳಿಸುವಷ್ಟು ಚೆನ್ನಾಗಿವೆ. ಆದರೆ ಕೊನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಳ್ಳುವುದು ಯಾರ ಮೇಲೆ? ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರ ವಕಾಲತ್ತು ಮಾಡಿದ ಈ ಮೂವರ ಮೇಲೆ. ಯೋಬ ನಿಮಗಾಗಿ ಪ್ರಾರ್ಥಿಸಬೇಕು ಎನ್ನುತ್ತಾನೆ.

ದೇವರನ್ನು ಕಾಪಾಡುವುದು ಆಪ್ತಸಮಾಲೋಚಕರ ಕೆಲಸ ಅಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಆಧಾರ ಬೇಕಿಲ್ಲ. ದುಃಖದಲ್ಲಿರುವವರು ದೇವರ ಮೇಲೆ ಸಿಟ್ಟಾದರೆ ನಮಗೆ ಗಾಬರಿಯಾಗುತ್ತದೆ, ತಕ್ಷಣ ತಿದ್ದಲು ಹೋಗುತ್ತೇವೆ. ಬೈಬಲ್‌ಗೆ ಆ ಗಾಬರಿ ಇಲ್ಲ. 150 ಕೀರ್ತನೆಗಳಲ್ಲಿ ಗೋಳು ಹೇಳಿಕೊಳ್ಳುವಂಥವು ಬಹಳ. ಹೆಚ್ಚಿನವು ಕೊನೆಗೆ ಭರವಸೆಯ ಕಡೆ ತಿರುಗುತ್ತವೆ. 88ನೆಯದು ಮಾತ್ರ ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಯಾರೂ ತೆಗೆದುಹಾಕಲಿಲ್ಲ, ಪ್ರಾರ್ಥನೆಯೆಂದೇ ಇಟ್ಟುಕೊಂಡಿದ್ದಾರೆ. ಆ ದಿನಗಳಲ್ಲಿ ನನಗೆ ಓದಲಾಗುತ್ತಿದ್ದ ಕೀರ್ತನೆ ಅದೊಂದೇ.

ಒಂದೇ ಮಾತು, ಎರಡು ಉತ್ತರ

ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಆದರೂ ಒಂದು ವಿಷಯ ಗಮನಿಸಿರಲಿಲ್ಲ.

ಲಾಜರ ತೀರಿಕೊಂಡು ನಾಲ್ಕು ದಿನವಾದ ಮೇಲೆ ಯೇಸು ಬರುತ್ತಾನೆ. ಮೊದಲು ಅಕ್ಕ ಮಾರ್ಥ ಎದುರು ಹೋಗಿ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಆಮೇಲೆ ಮರಿಯ ಬಂದು ಕಾಲಿಗೆ ಬಿದ್ದು ಅದೇ ಮಾತು ಹೇಳುತ್ತಾಳೆ. ಇಬ್ಬರದೂ ಒಂದೇ ದೂರು. ಆದರೆ ಉತ್ತರ ಬೇರೆ ಬೇರೆ. ಮಾರ್ಥಳ ಜೊತೆ ಯೇಸು ಮಾತಾಡುತ್ತಾನೆ, ಪುನರುತ್ಥಾನದ ಬಗ್ಗೆ ಚರ್ಚೆಯೇ ನಡೆಯುತ್ತದೆ. ಮರಿಯಳಿಗೆ ಯಾವ ವಿವರಣೆಯೂ ಇಲ್ಲ. ಅವಳು ಅಳುವುದನ್ನು ನೋಡಿ, ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿ, ಯೇಸುವೂ ಅಳುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುವವನು ಇವನೇ. ಎಲ್ಲ ಸರಿಹೋಗುತ್ತದೆ ಎಂಬುದು ಗೊತ್ತಿದ್ದೂ ಅಳುತ್ತಾನೆ.

ಪೌಲನೂ ಇದನ್ನೇ ಇನ್ನೊಂದು ರೀತಿ ಬರೆದಿದ್ದಾನೆ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ಮೂರು ತರಹದ ಜನರಿದ್ದಾರೆ. ಶಿಸ್ತಿಲ್ಲದೆ ಅಲೆಯುವವರಿಗೆ ಬುದ್ಧಿ ಹೇಳಬೇಕು. ಕುಗ್ಗಿಹೋದವರಿಗೆ ಧೈರ್ಯ ಕೊಡಬೇಕು. ಬಲವಿಲ್ಲದವರನ್ನು ಆತುಕೊಳ್ಳಬೇಕು. ಗ್ರೀಕ್ ಮೂಲದಲ್ಲಿ ಮೂರಕ್ಕೂ ಮೂರು ಬೇರೆ ಕ್ರಿಯಾಪದಗಳು. ತಾಳ್ಮೆ ಮಾತ್ರ ಎಲ್ಲರಿಗೂ ಒಂದೇ. ಕುಗ್ಗಿದವರಿಗೆ ಬುದ್ಧಿ ಹೇಳಲು ಹೋದರೆ ಔಷಧ ಅದಲು ಬದಲಾದ ಹಾಗೆ.

ಕ್ರಿ.ಶ. 590ರಲ್ಲಿ ಪೋಪ್ ಆದ ಮಹಾ ಗ್ರೆಗೊರಿ ಕುರುಬರ ಕೆಲಸದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದರ ದೊಡ್ಡ ಪಾಲು ಈ ಒಂದೇ ವಿಷಯಕ್ಕೆ ಮೀಸಲು: ಸಂತೋಷದಲ್ಲಿರುವವರಿಗೆ ಹೇಳುವುದು ಬೇರೆ, ದುಃಖದಲ್ಲಿರುವವರಿಗೆ ಬೇರೆ, ನಾಚಿಕೆ ಸ್ವಭಾವದವರಿಗೆ ಬೇರೆ, ನಾಚಿಕೆ ಬಿಟ್ಟವರಿಗೆ ಬೇರೆ. ಸುಮಾರು ಹದಿನಾಲ್ಕು ಶತಮಾನದ ಹಿಂದೆಯೇ ಒಂದೇ ಮೆಸೇಜನ್ನು ಎಲ್ಲರಿಗೂ ಫಾರ್ವರ್ಡ್ ಮಾಡಬೇಡಿ ಅಂತ ಹೇಳಿದ್ದರು ಅನ್ನಬಹುದು.

ಅರಮನೆಗೆ ಹೋದ ನಾತಾನ

ಹಾಗಾದರೆ ಸಭಾಪಾಲಕರು ಸುಮ್ಮನೆ ತಲೆಯಾಡಿಸುತ್ತ ಕೂರಬೇಕಾ? ಇಲ್ಲ. ಎರಡನೇ ಸಮುವೇಲನ 12ನೇ ಅಧ್ಯಾಯ ನೋಡಿ. ರಾಜ ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡು, ಅದನ್ನು ಮುಚ್ಚಿಡಲು ಊರೀಯನನ್ನೇ ಯುದ್ಧದಲ್ಲಿ ಸಾಯುವ ಹಾಗೆ ಮಾಡಿದ್ದಾನೆ. ಪ್ರವಾದಿ ನಾತಾನ ಅರಮನೆಗೆ ಹೋಗಿ ಒಂದು ಕಥೆ ಹೇಳುತ್ತಾನೆ. ಬಡವನ ಬಳಿ ಮಗಳಂತೆ ಸಾಕಿದ ಒಂದೇ ಒಂದು ಕುರಿಮರಿ ಇತ್ತು. ಹಿಂಡುಗಟ್ಟಲೆ ಇದ್ದ ಶ್ರೀಮಂತ ಅತಿಥಿಗಾಗಿ ಅದನ್ನೇ ಕಸಿದು ಅಡುಗೆ ಮಾಡಿಸಿದ. ದಾವೀದ ಕೆರಳಿ ಆ ಶ್ರೀಮಂತನಿಗೆ ಶಿಕ್ಷೆ ಹೇಳುತ್ತಾನೆ. ಆ ಶ್ರೀಮಂತ ಬೇರೆ ಯಾರೂ ಅಲ್ಲ, ರಾಜನೇ ಎಂದು ನಾತಾನ ಮುಖಕ್ಕೆ ಹೇಳುತ್ತಾನೆ.

ಗಮನಿಸಬೇಕಾದ್ದು ಇದು: ನಾತಾನ ಬುದ್ಧಿ ಹೇಳಲು ಹೋದದ್ದು ಅಧಿಕಾರ ಇದ್ದವನ ಬಳಿಗೆ. ಬತ್ಷೆಬೆಯ ಬಳಿಗೆ ಹೋಗಿ, ಸಹಿಸಿಕೋ ತಾಯಿ, ಪ್ರಾರ್ಥನೆ ಮಾಡು ಅಂತ ಹೇಳಲಿಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಹೊಡೆಸಿಕೊಂಡು ಬಂದ ಹೆಂಗಸಿಗೆ ಅಡ್ಜಸ್ಟ್ ಮಾಡ್ಕೊಳ್ಳಮ್ಮ ಎಂದು ವಾಪಸು ಕಳಿಸುವ ಸಲಹೆ ಎಲ್ಲ ಧರ್ಮಗಳಲ್ಲೂ ಇದೆ, ನಮ್ಮ ಚರ್ಚುಗಳಲ್ಲೂ ಇದೆ. ಅದಕ್ಕೆ ಬೈಬಲ್ ವಚನ ಅಂಟಿಸಿದ ಮಾತ್ರಕ್ಕೆ ಅದು ಬೈಬಲ್ ಆಧಾರಿತ ಆಗುವುದಿಲ್ಲ. ಅಂಥ ಹೊತ್ತಲ್ಲಿ ನಾತಾನನ ಮಾದರಿ ಎಂದರೆ ಅವಳನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ, ಹೊಡೆದವನ ಎದುರು ನಿಲ್ಲುವುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳ ಕೈಯಲ್ಲಿದೆ, ಮಹಿಳಾ ಸಹಾಯವಾಣಿ 181 ಇದೆ ಎಂದು ತಿಳಿಸುವುದೂ ಪಾಲನೆಯೇ.

ದೇವರ ಸೇವಕರೂ ತಪ್ಪು ಮಾಡುತ್ತಾರೆ. ಅದನ್ನೂ ಬೈಬಲ್ ಮುಚ್ಚಿಟ್ಟಿಲ್ಲ. ಮಕ್ಕಳಿಲ್ಲದ ಹನ್ನ ಶೀಲೋವಿನ ದೇವಾಲಯದಲ್ಲಿ ತುಟಿ ಮಾತ್ರ ಅಲುಗಿಸುತ್ತ ಅಳುತ್ತ ಪ್ರಾರ್ಥಿಸುತ್ತಿದ್ದಾಗ, ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡು ಗದರುತ್ತಾನೆ. ಹನ್ನ ಸುಮ್ಮನಾಗುವುದಿಲ್ಲ, ಕುಡಿದಿಲ್ಲ ಸ್ವಾಮಿ, ದುಃಖ ತೋಡಿಕೊಳ್ಳುತ್ತಿದ್ದೆ ಎಂದು ವಿವರಿಸುತ್ತಾಳೆ. ಏಲಿ ಕೂಡಲೇ ದನಿ ಬದಲಿಸಿ ಹರಸಿ ಕಳಿಸುತ್ತಾನೆ. ನಿಮ್ಮ ಫಾದರ್ ಅಥವಾ ಪಾಸ್ಟರ್ ನಿಮ್ಮನ್ನು ತಪ್ಪು ತಿಳಿದರೆ, ಹಾಗಲ್ಲ ಎಂದು ಹೇಳುವ ಹಕ್ಕು ನಿಮಗಿದೆ. ಕೇಳಿ ತಿದ್ದಿಕೊಳ್ಳುವ ದೊಡ್ಡತನ ಅವರಿಗೆ ಇರಬೇಕು.

ಛತ್ರದವನ ಕೈಗೆ ಎರಡು ನಾಣ್ಯ

ಮೂರನೇ ಗುರುವಾರ ನಮ್ಮ ಪಾಸ್ಟರ್ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಮಗಳೇ, ಇನ್ನೂ ನಿದ್ದೆ ಬರ್ತಿಲ್ಲ ಅಂದ್ರೆ ಇದು ನನ್ನ ಕೈಲಾಗೋದಲ್ಲ. ಡಾಕ್ಟರ್ ಹತ್ರ ಹೋಗೋಣ" ಅಂದರು. ನನಗೆ ಅವಮಾನ ಆದ ಹಾಗಾಯಿತು. ನನ್ನ ಪ್ರಾರ್ಥನೆ ಸಾಲಲಿಲ್ಲ ಅಂತಲಾ? ಅವರು ನಕ್ಕು, "ಒಳ್ಳೆ ಸಮಾರ್ಯದವನು ಏನು ಮಾಡ್ದ, ಹೇಳು?" ಅಂದರು.

ಲೂಕನ ಸುವಾರ್ತೆಯ ಆ ಸಾಮತಿ ಎಲ್ಲರಿಗೂ ಗೊತ್ತು. ಕಳ್ಳರು ಹೊಡೆದು ಬಿಸಾಕಿದವನನ್ನು ಯಾಜಕನೂ ಲೇವಿಯನೂ ನೋಡಿ ಆಚೆ ಬದಿಯಿಂದ ಹೋಗುತ್ತಾರೆ. ಸಮಾರ್ಯದವನು ನಿಂತು, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ. ನಾವು ಸಾಮಾನ್ಯವಾಗಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಮುಂದೆ ಇನ್ನೂ ಇದೆ. ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ಯುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಕೂಲಿಯವನ ಎರಡು ದಿನದ ಸಂಬಳದಷ್ಟು ಹಣ ಕೊಟ್ಟು, ನೋಡಿಕೋ, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಅನ್ನುತ್ತಾನೆ.

ಅಂದರೆ ಅವನು ಎಲ್ಲವನ್ನೂ ತಾನೇ ಮಾಡಲಿಲ್ಲ. ತನ್ನಿಂದ ಆದಷ್ಟು ಮಾಡಿ, ಸರಿಯಾದ ಕೈಗೆ ಒಪ್ಪಿಸಿದ. ಒಪ್ಪಿಸಿ ಕೈ ತೊಳೆದುಕೊಳ್ಳಲೂ ಇಲ್ಲ, ಮತ್ತೆ ಬರುತ್ತೇನೆ ಅಂದ. ಕೌನ್ಸೆಲಿಂಗ್ ಕಲಿಸುವವರು ರೆಫರಲ್ ಅಂತ ಕರೆಯುವುದು ಇದನ್ನೇ.

ಈ ವಿಷಯದಲ್ಲಿ ಕ್ರೈಸ್ತರೊಳಗೇ ಜಗಳ ನಡೆದಿದೆ. ಅಮೆರಿಕದ ಆ್ಯಂಟನ್ ಬಾಯ್ಸನ್ ಎಂಬ ಪಾದ್ರಿ 1920ರಲ್ಲಿ ತಾವೇ ತೀವ್ರ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. ಚೇತರಿಸಿಕೊಂಡು 1924ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯ ಚಾಪ್ಲಿನ್ ಆದರು. 1925ರಿಂದ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡುಗಳಿಗೇ ಕರೆತಂದು ತರಬೇತಿ ಕೊಟ್ಟರು. ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ಮನುಷ್ಯರನ್ನೂ ಓದಬೇಕು ಎಂಬುದು ಅವರ ಪಾಠ. ಇದಕ್ಕೆ ವಿರುದ್ಧವಾಗಿ 1970ರಲ್ಲಿ ಜೇ ಆ್ಯಡಮ್ಸ್ ಎಂಬ ಪಾದ್ರಿ ಪುಸ್ತಕವೊಂದನ್ನು ಬರೆದು, ಸಭಾಪಾಲಕರು ಮನಶ್ಶಾಸ್ತ್ರದ ಹಿಂದೆ ಹೋಗಿದ್ದು ಸಾಕು, ಬೈಬಲ್ ಸಾಕು ಎಂದು ವಾದಿಸಿದರು. ದೇಹದ ರೋಗಕ್ಕೆ ವೈದ್ಯರು ಬೇಕೆಂಬುದನ್ನು ಅವರೂ ಒಪ್ಪಿದ್ದರು. ಅವರ ವಿಧಾನದ ಹೆಸರು ಬಂದದ್ದು ಬುದ್ಧಿ ಹೇಳು ಎಂಬ ಅರ್ಥದ ಗ್ರೀಕ್ ಕ್ರಿಯಾಪದದಿಂದ. ಆದರೆ ಆಗಲೇ ಹೇಳಿದ ಪೌಲನ ಪಟ್ಟಿಯಲ್ಲಿ ಆ ಪದ ಬರುವುದು ಮೊದಲ ಗುಂಪಿನವರಿಗೆ ಮಾತ್ರ. ಕುಗ್ಗಿದವರಿಗೂ ಬಲವಿಲ್ಲದವರಿಗೂ ಪೌಲ ಬೇರೆ ಪದ ಬಳಸಿದ್ದಾನೆ.

ಬೈಬಲ್ ಮುಖ್ಯ ಎನ್ನುವವರಿಗೆ ಡಾಕ್ಟರ್ ಬಳಿ ಹೋಗುವುದು ನಂಬಿಕೆಯ ಕೊರತೆ ಅಲ್ಲ. ಪೌಲನ ಜೊತೆಗಾರ ಲೂಕನೇ ವೈದ್ಯ. ಖಿನ್ನತೆಯೂ ಸಕ್ಕರೆ ಕಾಯಿಲೆಯ ಹಾಗೆ ಚಿಕಿತ್ಸೆ ಬೇಡುವ ಕಾಯಿಲೆ. ಎಲ್ಲಿ ಶುರು ಮಾಡಬೇಕು ಗೊತ್ತಿಲ್ಲ ಅನ್ನುವವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನನ್ನ ಜೊತೆ ಆಸ್ಪತ್ರೆಗೆ ಪಾಸ್ಟರ್ ಕೂಡ ಬಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮಾತ್ರೆ ಶುರುವಾದ ಮೇಲೂ ಗುರುವಾರ ಬರುವುದನ್ನು ಬಿಡಲಿಲ್ಲ.

ಪಾಸ್ಟರಿಗೂ ದಣಿವಿದೆ

ಇನ್ನೊಂದು ಬದಿಯೂ ಇದೆ. ಬೆಳಿಗ್ಗೆಯಿಂದ ಸಂಜೆವರೆಗೆ ಜನರ ತಕರಾರು ಕೇಳುತ್ತ ಕೂತ ಮೋಶೆಯನ್ನು ನೋಡಿ ಅವನ ಮಾವ ಇತ್ರೋ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಎಂದು ಹೇಳುತ್ತಾನೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರಂತೆ ನಂಬಿಕಸ್ಥರನ್ನು ನೇಮಿಸಿ ಭಾರ ಹಂಚು ಎಂಬುದು ಅವನ ಸಲಹೆ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಇದು ಬರುತ್ತದೆ.

ಹತ್ತು ಜನರಿಗೆ ಒಬ್ಬರು. ಅದು ನಿಮ್ಮ ಅಪಾರ್ಟ್‌ಮೆಂಟಿನ ಒಂದು ಮಹಡಿ, ಆಫೀಸಿನ ಒಂದು ಟೀಮ್. ಕೇಳಿಸಿಕೊಳ್ಳುವ ಕೆಲಸ ಕಾಲರ್ ಹಾಕಿದವರದ್ದು ಮಾತ್ರ ಅಲ್ಲ.

ಆದರೆ ಎಲ್ಲರ ಭಾರವನ್ನೂ ತಾನೇ ಹೊರುತ್ತೇನೆ ಎನ್ನುವುದೂ ತಪ್ಪು. ಗಲಾತ್ಯದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಪೌಲ ಒಬ್ಬರ ಭಾರವನ್ನು ಒಬ್ಬರು ಹೊರಬೇಕು ಎನ್ನುತ್ತಾನೆ. ಮೂರು ವಚನ ಬಿಟ್ಟು, ಪ್ರತಿಯೊಬ್ಬರೂ ತಮ್ಮ ಹೊರೆಯನ್ನು ತಾವೇ ಹೊರಬೇಕು ಎನ್ನುತ್ತಾನೆ. ಮೇಲ್ನೋಟಕ್ಕೆ ವಿರೋಧ ಅನಿಸಿದರೂ ಗ್ರೀಕ್‌ನಲ್ಲಿ ಎರಡೂ ಬೇರೆ ಪದಗಳು. ಮೊದಲನೆಯದು ಬೆನ್ನು ಮುರಿಯುವಂಥ ಭಾರ. ಎರಡನೆಯದು ಪ್ರಯಾಣಿಕ ಹೊರುವ ಗಂಟಿನಂಥದ್ದು. ಗಂಟು ಅವರವರದ್ದೇ. ಭಾರಕ್ಕೆ ಮಾತ್ರ ನಾವು ಹೆಗಲು ಕೊಡಬೇಕು. ಯಾವುದು ಯಾವುದು ಎಂದು ಗುರುತಿಸುವುದೇ ಆಪ್ತಸಮಾಲೋಚನೆಯ ಅರ್ಧ ಕೆಲಸ.

ಹೋಗುವ ಮೊದಲು

ಸಭಾಪಾಲಕರ ಬಳಿ ಮನಸ್ಸು ಬಿಚ್ಚಬೇಕು ಅಂದುಕೊಂಡಿದ್ದರೆ ಈ ನಾಲ್ಕು ವಿಷಯ ನೋಡಿ:

• ಅವರು ಉತ್ತರ ಕೊಡುವ ಮೊದಲು ಪ್ರಶ್ನೆ ಕೇಳುತ್ತಾರಾ? ಯೆರಿಕೋವಿನ ಕುರುಡನಿಗೆ ಏನು ಬೇಕೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ಯೇಸು, ನಿನಗೆ ಏನು ಮಾಡಬೇಕು ಎಂದು ಅವನನ್ನೇ ಕೇಳಿದ.

• ಹೇಳಿದ ವಿಷಯ ಅವರಲ್ಲೇ ಉಳಿಯುತ್ತದಾ? ನಿಮ್ಮ ಕಷ್ಟ ಹೆಸರು ಸಮೇತ ಪ್ರಾರ್ಥನಾ ಕೂಟದಲ್ಲಿ ಹೊರಬರಬಾರದು. ಪ್ರಾಣಾಪಾಯ ಇದ್ದಾಗ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಇದನ್ನು ಅವರು ಮೊದಲೇ ಹೇಳಿದರೆ ಒಳ್ಳೆಯದು.

• ನನಗೆ ಗೊತ್ತಿಲ್ಲ, ಇದಕ್ಕೆ ಬೇರೆಯವರು ಬೇಕು ಎಂದು ಹೇಳುವ ಧೈರ್ಯ ಅವರಿಗಿದೆಯಾ?

• ಮಾತ್ರೆ ನಿಲ್ಲಿಸು, ನಂಬಿಕೆ ಇದ್ದರೆ ಸಾಕು ಎನ್ನುತ್ತಾರಾ? ಹಾಗಿದ್ದರೆ ಬೇರೆಯವರನ್ನು ಹುಡುಕಿ.

ನಾಲ್ಕು ವರ್ಷ ತಡವಾದ ಫೋನ್

ಕೊನೆಗೆ ಒಂದು ತಪ್ಪೊಪ್ಪಿಗೆ. ನನ್ನ ಗರ್ಭ ಹೋಗುವ ಮೊದಲು, ಕಾಲೇಜು ಗೆಳತಿಯ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಆಗ ನಾನು ಮಾಡಿದ್ದೇನು? ಸೂರ್ಯೋದಯದ ಚಿತ್ರದ ಮೇಲೆ ಒಂದು ವಚನ ಹಾಕಿ ಕಳಿಸಿದ್ದೆ, ಕೈ ಮುಗಿಯುವ ಎಮೋಜಿ ಜೊತೆಗೆ. ಅವಳು ಉತ್ತರ ಕೊಡಲಿಲ್ಲ. ಬಿಡುವಿಲ್ಲವೇನೋ ಅಂದುಕೊಂಡೆ. ಆಮೇಲೆ ಮಾತೇ ನಿಂತುಹೋಯಿತು.

ಈ ಬರಹಕ್ಕೆ ಓದುತ್ತಿದ್ದಾಗ ಅವಳ ನೆನಪು ಕಾಡಿತು. ನಾಲ್ಕು ವರ್ಷವಾದ ಮೇಲೆ ಫೋನ್ ಮಾಡಿದೆ.

"ಅವತ್ತು ನಾನು ಕಳಿಸಿದ ಮೆಸೇಜ್ ನೆನಪಿದೆಯೇನೇ?"

"ಇದೆ. ಅದನ್ನ ನೋಡಿ ನಿನ್ನ ಮ್ಯೂಟ್ ಮಾಡಿದ್ದೆ."

"ತಪ್ಪಾಯ್ತು ಕಣೇ."

ಅವಳು ಏನೂ ಹೇಳಲಿಲ್ಲ. ನನಗೂ ಮುಂದೆ ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ, "ಅವನ ಬಗ್ಗೆ ಹೇಳ್ತೀಯಾ?" ಅಂದೆ.

ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಆಮೇಲೆ ಅವಳು ಶುರು ಮಾಡಿದಳು. ಅವನಿಗೆ ಮಂಡಕ್ಕಿ-ಮಿರ್ಚಿ ಅಂದ್ರೆ ಪ್ರಾಣ ಅಂತೆ. ಅಕ್ಕನ ಮೊದಲ ಸಂಬಳದಲ್ಲಿ ಶೂ ಕೊಡಿಸಿಕೊಂಡಿದ್ದನಂತೆ. ಆ ಶೂ ಇನ್ನೂ ಮನೆಯಲ್ಲಿದೆಯಂತೆ, ಅಮ್ಮ ಯಾರಿಗೂ ಕೊಡಲು ಬಿಡ್ತಿಲ್ಲವಂತೆ. ನಾನು ಹೂಂ ಅಂದೆ, ಮತ್ತೆ ಹೂಂ ಅಂದೆ. ಫೋನ್ ಬಿಸಿಯಾಗುವವರೆಗೆ ಅವಳು ಮಾತಾಡಿದಳು.

ಇಡುವ ಮೊದಲು "ಭಾನುವಾರ ಮನೆಗೆ ಬರ್ಲಾ?" ಅಂತ ಕೇಳಿದೆ.

"ಬಾ" ಅಂದಳು. "ಊಟಕ್ಕೇ ಬಾ."